ಸಂಘದ ಕಂಪ್ಯೂಟರಿಗೆ ಯಜಮಾನ ಯಾರು?



ಈ ಸಂಚಿಕೆಯ ಸಂಪಾದಕೀಯವನ್ನು ವರದಕ್ಷಿಣೆ ಸಾವಿನ ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತಿರುವುದರ ಬಗ್ಗೆ ಬರೆಯಬೇಕೆಂದು ಕುಳಿತಿದ್ದೆ. ಅರ್ಧ ಬರೆದೂ ಆಗಿತ್ತು. ಅಷ್ಟರಲ್ಲಿ ನಮ್ಮ ಒಕ್ಕೂಟದ ಕಚೇರಿಯಲ್ಲಿ ನಡೆದ ಒಂದು ಘಟನೆ ಆ ಹಾಳೆಗಳನ್ನು ಪಕ್ಕಕ್ಕಿಡುವಂತೆ ಮಾಡಿತು. ಕಂಪ್ಯೂಟರಿನ ವಿಷಯ ಎಂದ ಕೂಡಲೇ "ಅದೆಲ್ಲ ಓದಿದ ಹುಡುಗಿಯರಿಗೆ" ಎಂದು ಪುಟ ಮಗುಚಬೇಡಿ. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿದ ನಾನೂ ಹಾಗೆ ಪುಟ ಮಗುಚುತ್ತಿದ್ದವಳೇ. ಆ ಅಸಡ್ಡೆಗೆ ನಮ್ಮ ಒಬ್ಬ ಗೆಳತಿ ಪೆಟ್ಟು ತಿನ್ನಬೇಕಾಯಿತು, ಇನ್ನೊಬ್ಬಳು ಕಳ್ಳಿಯಂತೆ ತಲೆ ತಗ್ಗಿಸಬೇಕಾಯಿತು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಒಕ್ಕೂಟಕ್ಕೆ ಒಂದು ಕಂಪ್ಯೂಟರ್ ಬಂದು ಮೂರು ವರ್ಷವಾಯಿತು. ಯಾರೋ ದಾನ ಕೊಟ್ಟ ಹಳೆಯದು. ಸಂಘಗಳ ಸಾಲ-ಉಳಿತಾಯದ ಲೆಕ್ಕ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿಗೆ ಪತ್ರ, ಎಲ್ಲವೂ ಅದರಲ್ಲೇ. ಹನ್ನೊಂದು ಸಂಘಗಳ ಹೆಂಗಸರು ಅದನ್ನು ಮುಟ್ಟುತ್ತಾರೆ. ಅದನ್ನು ಜೋಡಿಸಿ, ಇಂಟರ್ನೆಟ್ಟಿನ ತಂತಿ ಎಳೆದು, ವೈಫೈ ಪೆಟ್ಟಿಗೆ ಗೋಡೆಗೆ ಹೊಡೆದುಕೊಟ್ಟವನು ಪೇಟೆಯ ಒಬ್ಬ ಯುವಕ. ಕೂಲಿ ಬೇಡವೆಂದ. ನಾವೆಲ್ಲ ಅವನಿಗೆ ಕಾಫಿ ಕೊಟ್ಟು ಒಳ್ಳೆಯ ಹುಡುಗ ಎಂದು ಹೊಗಳಿ ಕಳಿಸಿದೆವು. ಯಂತ್ರದೊಳಗೆ ಅವನು ಏನೇನು ಮಾಡಿದ ಎಂದು ಒಬ್ಬರೂ ಕೇಳಲಿಲ್ಲ. ಒಂದು ಬೀರು ಮಾಡಿಸಿದ್ದರೆ ಅದಕ್ಕೆ ಎಷ್ಟು ಬೀಗದ ಕೈ ಇವೆ, ಯಾರಲ್ಲಿವೆ ಎಂದು ಕೇಳದೆ ಬಿಡುತ್ತಿದ್ದೆವೆಯೇ?

ಕಳೆದ ಮಳೆಗಾಲದಲ್ಲಿ ಒಂದು ಬುಧವಾರ ನಮ್ಮ ಸದಸ್ಯೆಯೊಬ್ಬಳು ಆ ಕಂಪ್ಯೂಟರಿನ ಮುಂದೆ ಕುಳಿತು ಸಂರಕ್ಷಣಾಧಿಕಾರಿಗೆ ಮನವಿ ಟೈಪು ಮಾಡಿದಳು. ಮದುವೆಯಾಗಿ ಒಂಬತ್ತು ವರ್ಷ. ನಿವೇಶನ ಕೊಳ್ಳಲು ತವರಿನಿಂದ ದುಡ್ಡು ತಾ ಎಂಬ ಪೀಡನೆ ಶುರುವಾಗಿ ಎರಡು ವರ್ಷ. ಆ ಪತ್ರ ಇನ್ನೂ ಕಳಿಸಿರಲಿಲ್ಲ. ಸಾಂತ್ವನ ಕೇಂದ್ರದವರಿಗೆ ತೋರಿಸಿ ತಿದ್ದಿ ಕಳಿಸೋಣ ಎಂದು ಕಂಪ್ಯೂಟರಿನಲ್ಲೇ ಇಟ್ಟು ಮನೆಗೆ ಹೋದಳು. ಶುಕ್ರವಾರ ರಾತ್ರಿ ಗಂಡ ಆ ಮನವಿಯ ಸಾಲುಗಳನ್ನು ಪಾಠ ಒಪ್ಪಿಸಿದಂತೆ ಅವಳ ಮುಂದೆ ಹೇಳಿ ಹೇಳಿ ಹೊಡೆದ. ಶನಿವಾರ ಅವಳು ಊದಿದ ಕೆನ್ನೆಯಲ್ಲಿ ಕಚೇರಿಗೆ ಬಂದು ಕೇಳಿದ್ದು ಒಂದೇ ಮಾತು. "ನಿಮ್ಮಲ್ಲಿ ಯಾರಕ್ಕ ಹೇಳಿದ್ದು?"

ಆ ಪ್ರಶ್ನೆಗೆ ಉತ್ತರ ನಮ್ಮೆಲ್ಲರಿಗೂ ತಕ್ಷಣ ಹೊಳೆದುಬಿಟ್ಟಿತು. ಅಲ್ಲಿಯೇ ನಾವು ಎಡವಿದ್ದು. ಆ ಬುಧವಾರ ಕಚೇರಿಯಲ್ಲಿ ಇದ್ದವಳು ಲೆಕ್ಕ ಬರೆಯುವ ಹುಡುಗಿ ಒಬ್ಬಳೇ. ಅವಳ ಮನೆಯೂ ಅದೇ ಬೀದಿಯಲ್ಲಿ. ಮತ್ತೇನು ಬೇಕು? "ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲೋದುಂಟಾ" ಎಂಬ ಗಾದೆಮಾತನ್ನು ಗಂಡಸರು ಆಡಿದರೆ ಮೈಮೇಲೆ ಬೀಳುವ ನಾವೇ ಅದನ್ನು ಆಡಿದೆವು. ನಾನೂ ಆ ಹುಡುಗಿಯನ್ನು ಕರೆದು ಕೂರಿಸಿ, ಪರೀಕ್ಷೆಯಲ್ಲಿ ನಕಲು ಹೊಡೆದವಳನ್ನು ವಿಚಾರಿಸುವ ದನಿಯಲ್ಲಿ ಕೇಳಿದೆ. ಅವಳು ಅಳಲಿಲ್ಲ. "ನಾನು ಹೇಳಿಲ್ಲ ಮೇಡಂ" ಎಂದು ಎದ್ದು ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ಎರಡು ಸಂಘಗಳು ಒಕ್ಕೂಟದಿಂದ ಹೊರಗೆ ಹೋಗುವ ಮಾತಾಡಿದವು. ಹದಿನೈದು ವರ್ಷ ಕೂಡಿ ಕಟ್ಟಿದ್ದು ಹದಿನೈದು ದಿನದಲ್ಲಿ ಬಿರುಕು ಬಿಟ್ಟಿತು.

ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೇರೆ ಕೆಲಸಕ್ಕೆಂದು ಮನೆಗೆ ಬಂದಿದ್ದಳು. ಮಾತಿನ ನಡುವೆ ಇದನ್ನು ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಆ ಮಷೀನಿನ ಅಡ್ಮಿನ್ ಯಾರು?" ನನಗೆ ಅರ್ಥವಾಗಲಿಲ್ಲ. ಭಾನುವಾರ ಅವಳನ್ನು ಕಚೇರಿಗೆ ಕರೆದುಕೊಂಡು ಹೋದೆ.

ಅಲ್ಲಿ ಅವಳು ತೋರಿಸಿದ್ದನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ.

ನಮ್ಮ ಕಡೆ ಗಂಡನ ಹೆಸರು ಹೇಳದೆ "ನಮ್ಮ ಯಜಮಾನರು" ಎನ್ನುವ ರೂಢಿ ಇದೆಯಲ್ಲ, ಪ್ರತಿ ಕಂಪ್ಯೂಟರಿಗೂ ಹಾಗೆ ಒಬ್ಬ ಯಜಮಾನ ಇರುತ್ತಾನೆ. ಅಡ್ಮಿನಿಸ್ಟ್ರೇಟರ್ ಖಾತೆ ಎಂದು ಅದರ ಹೆಸರು. ಬ್ಯಾಂಕಿನಲ್ಲಿ ಖಾತೆ ಇದ್ದಂತೆ ಕಂಪ್ಯೂಟರಿನಲ್ಲೂ ಬಳಸುವವರಿಗೆ ಒಂದೊಂದು ಖಾತೆ ಇರಬಹುದು. ಅವುಗಳಲ್ಲಿ ಮುಖ್ಯವಾಗಿ ಎರಡು ದರ್ಜೆ. ಯಜಮಾನ ಖಾತೆಯವರು ಹೊಸ ಪ್ರೋಗ್ರಾಂ ಹಾಕಬಹುದು, ತೆಗೆಯಬಹುದು, ಬೇರೆಯವರ ಕಡತ ತೆರೆಯಬಹುದು, ಯಾವ ಪ್ರೋಗ್ರಾಂ ಹೊರಗಿನ ಜಾಲದೊಡನೆ ಮಾತಾಡಬಹುದು ಎಂದು ಅಪ್ಪಣೆ ಕೊಡಬಹುದು. ಸಾಮಾನ್ಯ ಖಾತೆಯವರು ಟೈಪು ಮಾಡಬಹುದು, ವೈಫೈಗೆ ಸೇರಿಕೊಳ್ಳಬಹುದು, ಇಂಟರ್ನೆಟ್ಟು ನೋಡಬಹುದು. ಮಿಕ್ಕಿದ್ದಕ್ಕೆ ಕೈಹಾಕಿದರೆ ಯಂತ್ರ ಯಜಮಾನನ ಗುಪ್ತಪದ, ಅಂದರೆ ಪಾಸ್‌ವರ್ಡ್ ಕೇಳುತ್ತದೆ. ಕಂಪ್ಯೂಟರನ್ನು ಮೊದಲು ಸಿದ್ಧಗೊಳಿಸುವಾಗ ಮಾಡುವ ಖಾತೆಯೇ ಯಜಮಾನ ಖಾತೆಯಾಗುತ್ತದೆ. ಅಂದರೆ ಯಾರು ಮೊದಲು ಕುಳಿತರೋ ಅವರೇ ಯಜಮಾನರು, ದುಡ್ಡು ಯಾರದ್ದೇ ಇರಲಿ.

ನಮ್ಮ ಯಂತ್ರದಲ್ಲಿ ಎರಡು ಖಾತೆಗಳಿದ್ದವು. ಒಂದು, ನಾವೆಲ್ಲ ಬಳಸುತ್ತಿದ್ದ, ಪಾಸ್‌ವರ್ಡೇ ಇಲ್ಲದ ಸಾಮಾನ್ಯ ಖಾತೆ. ಇನ್ನೊಂದು, ಜೋಡಿಸಿಕೊಟ್ಟವನ ಹೆಸರಿನ ಯಜಮಾನ ಖಾತೆ. ಅದರ ಪಾಸ್‌ವರ್ಡ್ ಗೊತ್ತಿದ್ದದ್ದು ಅವನೊಬ್ಬನಿಗೆ. ಅವನು ಅದರಲ್ಲಿ ಒಂದು ಪ್ರೋಗ್ರಾಂ ಹಾಕಿದ್ದ. ದೂರದಲ್ಲಿ ಕುಳಿತು ಬೇರೆ ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಈ ಕಂಪ್ಯೂಟರಿನ ಪರದೆ ನೋಡುವ, ಕಡತ ತೆರೆಯುವ ಪ್ರೋಗ್ರಾಂ. ಅದು ಕಳ್ಳ ವಸ್ತುವಲ್ಲ. ರಿಪೇರಿ ಮಾಡುವವರು ಪ್ರತಿ ಸಲ ಬರುವುದು ಬೇಡವೆಂದು ದಿನವೂ ಬಳಸುವಂಥದ್ದು. ಸಾಮಾನ್ಯವಾಗಿ ಈಚೆ ಕುಳಿತವರು "ಒಪ್ಪಿಗೆ" ಎಂದು ಒತ್ತಿದರೆ ಮಾತ್ರ ಅದು ತೆರೆಯುತ್ತದೆ. ಆದರೆ ಯಾರೂ ಒಪ್ಪಿಗೆ ಕೊಡದೆಯೂ, ಒಂದು ಸಂಖ್ಯೆ ಮತ್ತು ಒಂದು ಪಾಸ್‌ವರ್ಡ್ ಇದ್ದರೆ ಸಾಕು, ಯಾವಾಗ ಬೇಕಾದರೂ ಒಳಗೆ ಬರುವಂತೆ ಅದನ್ನು ಇಡಲು ಬರುತ್ತದೆ. ನಮ್ಮಲ್ಲಿ ಹಾಗೆಯೇ ಇಡಲಾಗಿತ್ತು. ಕಂಪ್ಯೂಟರ್ ಹಚ್ಚಿದಾಗಲೆಲ್ಲ ಅದೂ ತಾನಾಗಿ ಹೊತ್ತಿಕೊಳ್ಳುತ್ತಿತ್ತು. "ಮುಂದಿನ ಬಾಗಿಲಿಗೆ ಇಷ್ಟು ದಪ್ಪ ಬೀಗ, ಹಿತ್ತಲ ಬಾಗಿಲು ಹಾರು ಹೊಡೆದಿದೆ ಮೇಡಂ" ಎಂದಳು ನನ್ನ ವಿದ್ಯಾರ್ಥಿನಿ.

ಅದನ್ನು ತೆಗೆಯಲು ಹೋದೆವು. ಯಂತ್ರ ಯಜಮಾನನ ಪಾಸ್‌ವರ್ಡ್ ಕೇಳಿತು! ನಮ್ಮ ಕಚೇರಿ, ನಮ್ಮ ಕರೆಂಟು ಬಿಲ್ಲು, ನಮ್ಮ ಇಂಟರ್ನೆಟ್ ಬಾಡಿಗೆ. ಅಪ್ಪಣೆ ಮಾತ್ರ ಬೇರೆಯವರದ್ದು. ಹೆಂಡತಿ ದುಡಿದು ತಂದ ಸಂಬಳದ ಮೇಲೆ ಗಂಡನ ಎಟಿಎಂ ಅಧಿಕಾರವನ್ನು ನಾವು ಎಷ್ಟು ಮನೆಗಳಲ್ಲಿ ನೋಡಿಲ್ಲ? ನನಗೆ ಅದೇ ನೆನಪಾಯಿತು.

ಆ ಯುವಕನೇ ಓದಿ ಹೇಳಿದನೋ, ಸಂಖ್ಯೆ-ಪಾಸ್‌ವರ್ಡು ಬೇರೆ ಕೈಗೆ ದಾಟಿತ್ತೋ ಎಂಬುದು ಪೊಲೀಸರು ಹುಡುಕಬೇಕಾದ ಸಂಗತಿ. ಅವನಿಗೂ ಆ ಗಂಡನಿಗೂ ಸ್ನೇಹವಿತ್ತು ಎಂಬುದಷ್ಟೇ ನಮಗೆ ಗೊತ್ತು. ಒಮ್ಮೆ ಅವಸರಪಟ್ಟು ತೀರ್ಪು ಕೊಟ್ಟ ಪಾಪ ಸಾಕು, ಇನ್ನೊಂದು ತೀರ್ಪನ್ನು ಇಲ್ಲಿ ಬರೆಯಲಾರೆ.

ಪಾಸ್‌ವರ್ಡ್ ಎಂಬುದು ಹುಟ್ಟಿದ್ದೇ ಕಂಪ್ಯೂಟರ್ ಹಲವರ ಸೊತ್ತಾಗಿದ್ದುದರಿಂದ ಎಂದರೆ ನಿಮಗೆ ಆಶ್ಚರ್ಯವಾದೀತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಬಹಳ ಜನ ಸರದಿಯಲ್ಲಿ ಬಳಸುತ್ತಿದ್ದರು. ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳದಿರಲಿ ಎಂದು ಅಲ್ಲಿನ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಬ್ಬೊಬ್ಬರಿಗೆ ಒಂದೊಂದು ಗುಪ್ತಪದ ಕೊಟ್ಟಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ತನ್ನ ಪಾಲಿಗೆ ಬಂದ ಗಂಟೆಗಳು ಸಾಲದೆ, ಎಲ್ಲರ ಗುಪ್ತಪದಗಳಿದ್ದ ಪಟ್ಟಿಯನ್ನೇ ಉಪಾಯದಿಂದ ಮುದ್ರಿಸಿಕೊಂಡುಬಿಟ್ಟ. ಬೀಗ ಬಂದ ಮರುಘಳಿಗೆಯೇ ಕಳ್ಳಕೈಯೂ ಬಂತು. ಅವನೇ ಎಷ್ಟೋ ವರ್ಷದ ನಂತರ ಅದನ್ನು ನಗುತ್ತ ಹೇಳಿಕೊಂಡ. ಅವನಿಗೆ ಬೇಕಾಗಿದ್ದದ್ದು ಯಂತ್ರದ ಸಮಯ. ಆದ್ದರಿಂದ ನಗಬಹುದಾಗಿತ್ತು. ನಮ್ಮ ಗೆಳತಿಯ ಮನವಿ ಓದಿದವರಿಗೆ ಬೇಕಾಗಿದ್ದದ್ದು ಬೇರೆ.

ಇದೊಂದು ಕಚೇರಿಯ ಕಥೆ ಎಂದು ಬಿಡುವ ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ನೂರಕ್ಕೆ 33, ಪುರುಷರು 57. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಹಾಯ ಕೇಳಬೇಕಾದವರು ಇಷ್ಟೊಂದು ಜನ. ಸಹಾಯದ ದಾರಿಗಳು ಒಂದೊಂದಾಗಿ ಕಂಪ್ಯೂಟರ್, ಮೊಬೈಲಿನೊಳಗೆ ಸೇರುತ್ತಿವೆ. ಆ ಯಂತ್ರವೋ ಮನೆಯಲ್ಲಿ ಗಂಡನದ್ದು, ಮೈದುನನದ್ದು, ಮಗನದ್ದು. ಕಚೇರಿಯಲ್ಲಿ ಜೋಡಿಸಿಕೊಟ್ಟವನದ್ದು. ನಮಗೆ ಮುಟ್ಟಲು ಸಿಕ್ಕಿದೆ, ಆಳಲು ಸಿಕ್ಕಿಲ್ಲ.

ಇನ್ನು ಮನೆಯ ಮಾತಿಗೆ ಬರೋಣ. ವೈಫೈ ಇರುವ ಮನೆಗಳಲ್ಲಿ ಒಂದು ಹೊಸ ಶಿಕ್ಷೆ ಹುಟ್ಟಿಕೊಂಡಿರುವುದನ್ನು ಸಮಾಲೋಚನೆಗೆ ಬರುವ ಹೆಣ್ಣುಮಕ್ಕಳು ಹೇಳುತ್ತಾರೆ. ಜಗಳವಾದ ಮರುದಿನ ಗಂಡ ವೈಫೈ ಪಾಸ್‌ವರ್ಡ್ ಬದಲಾಯಿಸಿ ಕೆಲಸಕ್ಕೆ ಹೋಗುತ್ತಾನೆ. ಒಬ್ಬಾತ ಆ ಪೆಟ್ಟಿಗೆಯನ್ನೇ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದನಂತೆ. ಹೆಂಡತಿ ಮನೆಯಲ್ಲಿ ಕುಳಿತು ಹೊಲಿಗೆಯ ಆರ್ಡರ್ ಹಿಡಿಯುತ್ತಿದ್ದವಳು. ಮೂರು ದಿನ ಕೆಲಸ ನಿಂತರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ. "ಹೊಡೆದಿಲ್ಲವಲ್ಲ, ಬೈದಿಲ್ಲವಲ್ಲ" ಎನ್ನುತ್ತಾನೆ ಆತ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯ 3ನೇ ಕಲಂ ಓದಿ. ಹೊಡೆತ, ಬೈಗುಳದ ಜೊತೆಗೆ ಆರ್ಥಿಕ ಹಿಂಸೆಯೂ ಅಲ್ಲಿದೆ. ಸಂಬಂಧದ ಬಲದಿಂದ ಬಳಸಲು ಹಕ್ಕಿರುವ ಸೌಕರ್ಯಗಳನ್ನು ತಡೆಯುವುದನ್ನೂ ಅದು ಹಿಂಸೆಯೆಂದೇ ಎಣಿಸುತ್ತದೆ. ಕಾಯಿದೆ ಬರೆದವರ ಮನಸ್ಸಿನಲ್ಲಿ ಅಂದು ವೈಫೈ ಇದ್ದಿರಲಾರದು. ಆದರೆ ಆ ಮಾತಿನ ವ್ಯಾಪ್ತಿಗೆ ಇದೂ ಸೇರುತ್ತದೆ ಎಂದು ನ್ಯಾಯಾಲಯದ ಮುಂದೆ ವಾದಿಸಲು ಧಾರಾಳವಾಗಿ ಅವಕಾಶವಿದೆ. ಅದೇ ಕಾಯಿದೆಯ 18ನೇ ಕಲಮಿನ ಸಂರಕ್ಷಣಾ ಆದೇಶ ಪಡೆದರೆ, ಹಿಂಸಿಸಿದವನು ಮಾತಿನಿಂದ, ಪತ್ರದಿಂದ ಮಾತ್ರವಲ್ಲ, ದೂರವಾಣಿ ಮತ್ತು ವಿದ್ಯುನ್ಮಾನ ಸಾಧನಗಳ ಮೂಲಕವೂ ಅವಳನ್ನು ಸಂಪರ್ಕಿಸದಂತೆ ತಡೆಯಬಹುದು.

ನೆರೆಯ ಕೇರಳದಲ್ಲಿ ಒಬ್ಬ ವಿದ್ಯಾರ್ಥಿನಿ ಇದಕ್ಕಾಗಿ ಹೈಕೋರ್ಟಿಗೇ ಹೋದಳು. ಕೋಳಿಕೋಡಿನ ಕಡೆಯ ಒಂದು ಕಾಲೇಜಿನ ಹೆಣ್ಣುಮಕ್ಕಳ ವಸತಿ ನಿಲಯದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಕೂಡದೆಂಬ ನಿಯಮ. ಒಪ್ಪದ ಆಕೆಯನ್ನು ಹೊರಗೆ ಹಾಕಿದರು. 2019ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಪಿತ್ತು, ಆಕೆಯನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮವರೇ ಹೂಡಿದ ಮೊಕದ್ದಮೆಯಲ್ಲಿ. ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ತೊಂಬತ್ತು ದಾಟಿತ್ತು. ನಿವೃತ್ತರಾದ ಮೇಲೆ ನಮ್ಮ ಕೆಲಸ ಮುಗಿಯಿತು ಎನ್ನುವ ನನ್ನಂಥವರು ಇದನ್ನು ನೆನಪಿಡಬೇಕು.

ಕಾನೂನು ಇರಲಿ, ಸಂಘದಲ್ಲಿ ಮಾಡಬೇಕಾದ್ದೇನು? ನಮಗೆ ಇದು ಹೊಸ ಪಾಠವೇ ಅಲ್ಲ. ನಮ್ಮ ಹಣದ ಪೆಟ್ಟಿಗೆಯನ್ನು ನೋಡಿ. ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬಳ ಸೆರಗಿನಲ್ಲಿ. ಬ್ಯಾಂಕಿನಿಂದ ಹಣ ತೆಗೆಯಲು ಒಬ್ಬರ ಸಹಿ ಸಾಲದು. ಯಾರ ಮೇಲೂ ಅಪನಂಬಿಕೆಯಿಂದಲ್ಲ, ಯಾರ ಮೇಲೂ ಅಪವಾದ ಬರಬಾರದೆಂದು ಹಾಗೆ ಮಾಡಿದ್ದೇವೆ. ಅದೇ ಬುದ್ಧಿಯನ್ನು ಕಂಪ್ಯೂಟರಿಗೂ ಹಚ್ಚಿದ್ದರೆ ಆ ಲೆಕ್ಕದ ಹುಡುಗಿಯನ್ನು ನಾವು ಅನುಮಾನಿಸಬೇಕಾಗುತ್ತಿರಲಿಲ್ಲ.

ಮೊದಲಿಗೆ, ಯಜಮಾನ ಖಾತೆ ಸಂಘದ್ದಾಗಬೇಕು, ವ್ಯಕ್ತಿಯದ್ದಲ್ಲ. ಅದರ ಪಾಸ್‌ವರ್ಡನ್ನು ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರೂ ಬಲ್ಲವರಾಗಿದ್ದು, ಬರೆದ ಚೀಟಿಯನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿದ ಕಡೆ ಸಹಿ ಮಾಡಿ ಬೀರುವಿನಲ್ಲಿಡಬೇಕು. ಮತ್ತು, ಇದು ಬಹಳ ಮುಖ್ಯ, ದಿನನಿತ್ಯದ ಕೆಲಸಕ್ಕೆ ಯಾರೂ ಆ ಖಾತೆಯನ್ನು ಬಳಸಬಾರದು, ಅಧ್ಯಕ್ಷೆಯೂ ಕೂಡ. ಏಕೆಂದರೆ ಯಜಮಾನ ಖಾತೆಯಲ್ಲಿ ಕುಳಿತಿರುವಾಗ ಯಾವುದೋ ಪ್ರೋಗ್ರಾಂ "ಹೊರಗಿನ ಸಂಪರ್ಕಕ್ಕೆ ಬಿಡಲೇ?" ಎಂದು ಕೇಳಿದರೆ, ಅವಸರದಲ್ಲಿ ಹೂಂ ಎಂದು ಒತ್ತಿಬಿಡುತ್ತೇವೆ, ಬಾಗಿಲು ತೆರೆದುಕೊಳ್ಳುತ್ತದೆ. ಸಾಮಾನ್ಯ ಖಾತೆಯಲ್ಲಾದರೆ ಯಂತ್ರ ಲಕೋಟೆಯ ಪಾಸ್‌ವರ್ಡ್ ಕೇಳುತ್ತದೆ. ಬೀರುವಿನವರೆಗೆ ಎದ್ದು ಹೋಗುವಷ್ಟರಲ್ಲಿ "ಇದು ಏಕೆ ಕೇಳುತ್ತಿದೆ?" ಎಂದು ಯೋಚಿಸಲು ಪುರುಸೊತ್ತು ಸಿಗುತ್ತದೆ. ಆ ಕಿಟಕಿಯಲ್ಲಿ ಖಾಸಗಿ ಜಾಲ, ಸಾರ್ವಜನಿಕ ಜಾಲ ಎಂದು ಎರಡು ಚೌಕಗಳಿರುತ್ತವೆ. ಖಾಸಗಿ ಎಂದರೆ ನಾವು ನಂಬಿದ ನಮ್ಮದೇ ಜಾಲ. ಸಾರ್ವಜನಿಕ ಎಂದರೆ ಬಸ್‌ಸ್ಟ್ಯಾಂಡು, ಹೋಟೆಲಿನಂಥ ಕಡೆಯದು. ಎರಡಕ್ಕೂ ಗುರುತು ಹಾಕುವ ಅಭ್ಯಾಸ ಬಿಡಬೇಕು. ಬಹಳ ಸಲ ಎರಡೂ ಬೇಕಿರುವುದಿಲ್ಲ.

ಲೆಕ್ಕ ಬರೆಯುವವರಿಗೆ ಪಾಸ್‌ವರ್ಡಿರುವ ಒಂದು ಸಾಮಾನ್ಯ ಖಾತೆ, ಸದಸ್ಯೆಯರಿಗೆ ಬೇರೊಂದು. ಎದ್ದು ಹೋಗುವಾಗ ಖಾತೆಯಿಂದ ಹೊರಗೆ ಬಂದೇ ಹೋಗಬೇಕು. ಲೆಕ್ಕದವಳು ವೈಫೈ ಕೆಟ್ಟಾಗ ಸರಿಮಾಡಬೇಕಾಗುತ್ತದೆ, ಅದಕ್ಕೆಂದು ಯಜಮಾನಿಕೆಯನ್ನೇ ಕೊಡಬೇಕೆ ಎಂದು ನಮ್ಮ ಕಾರ್ಯದರ್ಶಿ ಕೇಳಿದರು. ಒಳ್ಳೆಯ ಪ್ರಶ್ನೆ. ಬೇಕಿಲ್ಲ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್ ಎಂಬ ಒಂದು ಗುಂಪು ಮೊದಲೇ ಇದೆ. ಪ್ರೊ ಎಂಬ ಆವೃತ್ತಿಯಲ್ಲಿ ಯಾರ ಖಾತೆಯನ್ನು ಆ ಗುಂಪಿಗೆ ಸೇರಿಸುತ್ತೇವೋ ಅವರು ಜಾಲದ ಸಂಪರ್ಕವನ್ನು ಸರಿಪಡಿಸಬಹುದು, ಬೇರೆಯವರ ಕಡತ ತೆರೆಯಲಾರರು. ಅಡಿಗೆಮನೆಯ ಬೀಗದ ಕೈ ಕೊಟ್ಟು ತಿಜೋರಿಯದ್ದನ್ನು ಇಟ್ಟುಕೊಂಡ ಹಾಗೆ. ಉಚಿತವಾಗಿ ಸಿಗುವ ಉಬುಂಟು ಬಳಸುವ ಸಂಘಗಳಲ್ಲಿ ವೈಫೈಯ ಹೊಂದಾಣಿಕೆಯೊಳಗೆ "ಇತರ ಬಳಕೆದಾರರಿಗೂ ಸಿಗಲಿ" ಎಂಬರ್ಥದ ಒಂದು ಚೌಕವಿದೆ. ಗುರುತು ಹಾಕಿದರೆ ಆ ಸಂಪರ್ಕ ಎಲ್ಲ ಖಾತೆಗಳಿಗೂ, ಹಾಕದಿದ್ದರೆ ಹಾಕಿಕೊಂಡವರ ಖಾತೆಗೆ ಮಾತ್ರ. ಕಚೇರಿಯ ವೈಫೈ ಎಲ್ಲರಿಗೂ ಇರಲಿ. ಯಾರಾದರೂ ತಮ್ಮ ಮೊಬೈಲಿನಿಂದ ಇಂಟರ್ನೆಟ್ ಹಂಚಿದ್ದರೆ ಅದು ಅವರ ಖಾತೆಯಲ್ಲೇ ಉಳಿಯಲಿ. ಇಲ್ಲದಿದ್ದರೆ ಅವಳ ದುಡ್ಡಿನ ಡೇಟಾ ಎಲ್ಲರೂ ಉಂಡು, ತಿಂಗಳ ಕೊನೆಗೆ ಮನೆಯಲ್ಲಿ ಬೈಸಿಕೊಳ್ಳುವವಳು ಅವಳು.

ಗೋಡೆಯ ಮೇಲಿನ ವೈಫೈ ಪೆಟ್ಟಿಗೆಗೂ ಬೇರೆಯೇ ಒಬ್ಬ ಯಜಮಾನ ಇರುತ್ತಾನೆ ಎಂಬುದು ನನಗಂತೂ ಗೊತ್ತಿರಲಿಲ್ಲ. ವೈಫೈಗೆ ಸೇರುವ ಪಾಸ್‌ವರ್ಡ್ ಒಂದು, ಪೆಟ್ಟಿಗೆಯನ್ನು ಆಳುವ ಪಾಸ್‌ವರ್ಡ್ ಇನ್ನೊಂದು. ಆಳುವವರು ಯಾರ ಯಂತ್ರಕ್ಕೆ ಸಂಪರ್ಕ ಬೇಕು, ಯಾರದ್ದು ಬೇಡ ಎಂದು ಕತ್ತರಿಸಬಲ್ಲರು. ಯಾವ ತಾಣಕ್ಕೆ ಹೋದಿರಿ ಎಂಬುದೂ ಕೆಲವು ಪೆಟ್ಟಿಗೆಗಳಲ್ಲಿ ದಾಖಲಾಗುತ್ತದೆ, ಅಲ್ಲಿ ಏನು ಬರೆದಿರಿ ಎಂಬುದು ಸಾಮಾನ್ಯವಾಗಿ ಕಾಣದು. ಗುಪ್ತ ಕಿಟಕಿ ತೆರೆದು ನೋಡಿದರೆ ಯಾರಿಗೂ ಗೊತ್ತಾಗದು ಎಂದು ನಮ್ಮ ಹುಡುಗಿಯರು ನಂಬಿದ್ದಾರೆ. ಅದು ಆ ಕಂಪ್ಯೂಟರಿನಲ್ಲಿ ಚರಿತ್ರೆ ಉಳಿಸುವುದಿಲ್ಲ ಅಷ್ಟೇ. ಪೆಟ್ಟಿಗೆಯ ಕಣ್ಣಿನಿಂದಾಗಲಿ, ಪರದೆ ನೋಡುವ ಪ್ರೋಗ್ರಾಂನಿಂದಾಗಲಿ ಅದು ಕಾಪಾಡದು. ಪೆಟ್ಟಿಗೆ ಹಾಕಿದ ದಿನವೇ ಎರಡೂ ಪಾಸ್‌ವರ್ಡ್ ಬದಲಾಯಿಸಿ ಲಕೋಟೆಗೆ ಹಾಕಬೇಕು. ಗೊತ್ತಿಲ್ಲದಿದ್ದರೆ ಇಂಟರ್ನೆಟ್ ಕೊಟ್ಟವರ ಕಡೆಯ ಕೆಲಸಗಾರರನ್ನು ಕರೆಸಿ. ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ನೀವೇ ಅಳಿಸಲು ಹೋದರೆ ಸಂಪರ್ಕವೇ ನಿಂತುಹೋಗಬಹುದು.

ಈಗ ಒಂದು ಎಚ್ಚರಿಕೆ. ಮೇಲೆ ಬರೆದದ್ದೆಲ್ಲ ಸಂಘದ ಯಂತ್ರಕ್ಕೆ. ಹಿಂಸೆ ಇರುವ ಮನೆಯಲ್ಲಿ ಗಂಡನ ಕಂಪ್ಯೂಟರಿನಲ್ಲೋ ಅವನು ಕೊಡಿಸಿದ ಮೊಬೈಲಿನಲ್ಲೋ ಇಂಥ ಪ್ರೋಗ್ರಾಂ ಕಣ್ಣಿಗೆ ಬಿದ್ದರೆ ಆವೇಶದಿಂದ ಕೂಡಲೇ ಕಿತ್ತುಹಾಕಬೇಡಿ, ಪಾಸ್‌ವರ್ಡ್ ಬದಲಾಯಿಸಬೇಡಿ. ನೋಡುತ್ತಿರುವವನಿಗೆ ನಿಮಗೆ ಗೊತ್ತಾಯಿತು ಎಂಬುದು ಆ ಕ್ಷಣವೇ ತಿಳಿಯುತ್ತದೆ, ಹಿಡಿತ ತಪ್ಪಿತೆಂದು ಕಂಡಾಗಲೇ ಅಂಥವರ ಕೈ ಜೋರಾಗುವುದು. ಸಾಕ್ಷಿಯೂ ಹೋಗುತ್ತದೆ. ಅದನ್ನು ಮುಟ್ಟದೆ ಬಿಟ್ಟು, ದಿನದ ಅಡಿಗೆ-ಹಾಡಿನ ಮಾತನ್ನು ಅದರಲ್ಲೇ ನಡೆಸಿ. ಸಹಾಯದ ಮಾತನ್ನು ಬೇರೆ ಯಂತ್ರದಿಂದ, ಗೆಳತಿಯ ಮೊಬೈಲಿನಿಂದ, ಇಲ್ಲವೇ ಕಾಗದದಲ್ಲಿ ಆಡಿ. 181 ಮಹಿಳಾ ಸಹಾಯವಾಣಿ, ಸಾಂತ್ವನ ಕೇಂದ್ರ, ಜಿಲ್ಲೆಯ ಸಖಿ ಕೇಂದ್ರ ಇವರೊಡನೆ ಕುಳಿತು, ಯಾವ ದಿನ ಮನೆಯಲ್ಲಿ ಯಾರು ಇರುತ್ತಾರೆ, ಮಕ್ಕಳು ಎಲ್ಲಿರುತ್ತಾರೆ ಎಂದೆಲ್ಲ ಯೋಚಿಸಿದ ಮೇಲೆ ಅದನ್ನು ತೆಗೆಯುವ ಮಾತು. ಅಪಾಯ ಎದುರಿಗೇ ಇದ್ದರೆ 112.

ಸಂಘದ ಯಂತ್ರದಲ್ಲೂ ನಾವು ಸಾಕ್ಷಿ ಅಳಿಸಲಿಲ್ಲ. ಮೊದಲು ಇಂಟರ್ನೆಟ್ಟಿನ ತಂತಿ ಕಿತ್ತೆವು. ಪರದೆಯ ಚಿತ್ರಗಳನ್ನು ದಿನಾಂಕ ಸಮೇತ ಮೊಬೈಲಿನಲ್ಲಿ ತೆಗೆದೆವು. ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಂಡು, ಹಳೆಯ ಡಿಸ್ಕನ್ನು ಬಿಚ್ಚಿ ಲಕೋಟೆಗೆ ಹಾಕಿ ಏಳು ಜನ ಸಹಿ ಹಾಕಿದೆವು. ಹೊಸ ಡಿಸ್ಕಿಗೆ ಎರಡೂವರೆ ಸಾವಿರ ರೂಪಾಯಿ ಖರ್ಚು, ಒಬ್ಬರೂ ತಕರಾರು ಮಾಡಲಿಲ್ಲ. ಹಳೆಯದನ್ನು ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಗೆ ದೂರಿನೊಡನೆ ಕೊಟ್ಟೆವು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೇ ಕಲಂ, ಕಂಪ್ಯೂಟರಿನ ಮಾಲೀಕರ ಅಥವಾ ಅದನ್ನು ನೋಡಿಕೊಳ್ಳುವವರ ಅನುಮತಿಯಿಲ್ಲದೆ ಒಳಹೊಕ್ಕರೆ ತಪ್ಪು ಎನ್ನುತ್ತದೆ. ಅದನ್ನು ಅಪ್ರಾಮಾಣಿಕತೆಯಿಂದ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಕಂಪ್ಯೂಟರ್ ನಿಮ್ಮದು ಅನ್ನೋದಕ್ಕೆ ದಾಖಲೆ ಏನಮ್ಮಾ?" ನಮ್ಮ ಹತ್ತಿರ ಇರಲಿಲ್ಲ! ದಾನ ಬಂದದ್ದನ್ನು ಠರಾವು ಪುಸ್ತಕದಲ್ಲಿ ಬರೆದೇ ಇರಲಿಲ್ಲ. ದಾನ ಕೊಟ್ಟವರಿಂದ ಪತ್ರ ತರಿಸುವುದಕ್ಕೆ ಹನ್ನೆರಡು ದಿನ ಓಡಾಡಿದೆವು. ಯಂತ್ರ ಬಂದ ದಿನವೇ ಅದು ಸಂಘದ ಸೊತ್ತು, ಯಜಮಾನ ಖಾತೆ ಇಂಥವರ ವಶದಲ್ಲಿದೆ, ದೂರದಿಂದ ರಿಪೇರಿ ಮಾಡುವುದಿದ್ದರೆ ಸದಸ್ಯೆಯೊಬ್ಬಳು ಎದುರಿಗೆ ಕುಳಿತಿರುವಾಗ ಮಾತ್ರ, ಎಂದು ನಾಲ್ಕು ಸಾಲು ಠರಾವು ಬರೆಯಿರಿ. ಇವತ್ತೇ ಬರೆಯಿರಿ.

ಲೆಕ್ಕದ ಹುಡುಗಿಯ ಮನೆಗೆ ನಾವು ಐದು ಜನ ಹೋದೆವು. ಅವಳ ತಾಯಿ ಚಾಪೆ ಹಾಸಿದರು, ಹುಡುಗಿ ಒಳಗಿನಿಂದ ಬರಲು ತುಂಬ ಹೊತ್ತು ಹಿಡಿಯಿತು. ಎಲ್ಲರ ಪರವಾಗಿ ನಾನು ಕ್ಷಮೆ ಕೇಳಿದೆ. "ನೀವು ದೊಡ್ಡೋರು ಮೇಡಂ, ಹಂಗೆಲ್ಲ ಅನ್ನಬೇಡಿ. ಆದ್ರೆ ಅವತ್ತು ಒಂದು ಸಲ ಆ ಮಷೀನ್ ನೋಡಿ ಅಂತ ನಾನೇ ಹೇಳಬೇಕು ಅಂದ್ಕೊಂಡೆ, ನೀವು ಕೇಳೋ ಹಾಗಿರಲಿಲ್ಲ" ಎಂದಳು. ಅವಳಿಗೆ ಮೊದಲೇ ಅನುಮಾನವಿತ್ತಂತೆ. ಪರದೆಯ ಮೇಲಿನ ಬಾಣ ಒಮ್ಮೊಮ್ಮೆ ತಾನಾಗಿ ಓಡಾಡಿದ್ದನ್ನು ನೋಡಿದ್ದಳಂತೆ.

ಈಗ ಮೂರು ವಾರದಿಂದ ಅವಳು ಕೆಲಸಕ್ಕೆ ಬರುತ್ತಿದ್ದಾಳೆ. ವೈಫೈಯ ಅಧಿಕಾರ ಅವಳ ಖಾತೆಗಿದೆ, ಲಕೋಟೆ ಬೀರುವಿನಲ್ಲಿದೆ. ಮನವಿಯನ್ನು ನಮ್ಮ ಗೆಳತಿ ಎರಡನೆಯ ಸಲ ಕಾಗದದ ಮೇಲೆ ಕೈಯಲ್ಲೇ ಬರೆದು ಸಂರಕ್ಷಣಾಧಿಕಾರಿಗೆ ತಲುಪಿಸಿದಳು. ಮಕ್ಕಳೊಡನೆ ತವರಿನಲ್ಲಿದ್ದಾಳೆ. 12ನೇ ಕಲಮಿನ ಅರ್ಜಿ ಮ್ಯಾಜಿಸ್ಟ್ರೇಟರ ಮುಂದಿದೆ. ಮೊದಲ ವಿಚಾರಣೆಯಿಂದ ಅರವತ್ತು ದಿನದಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ, ಮೂವತ್ತೆಂಟು ದಿನ ಕಳೆದಿವೆ. ಮುಂದಿನ ವಿಚಾರಣೆಯ ದಿನ ನ್ಯಾಯಾಲಯಕ್ಕೆ ಅವಳ ಜೊತೆ ಹೋಗಲು ಹನ್ನೊಂದು ಸಂಘಗಳಿಂದ ತಲಾ ಇಬ್ಬರು ಹೆಸರು ಕೊಟ್ಟಿದ್ದಾರೆ.